ರೀಟೇಲ್ ಪೇಪರ್ ಓದುವುದು ಹೇಗೆ? ಮೊದಲು ಅಂಗಡಿಗೆ ಹೋಗಿ ನಿಲ್ಲಿ

ಬಿಕಾಂ, ಬಿಬಿಎ, ಎಂಬಿಎ ಯಾವುದಾದರೂ ಇರಲಿ, ರೀಟೇಲ್ ಮ್ಯಾನೇಜ್‌ಮೆಂಟ್ ಅಥವಾ ಗ್ರಾಹಕರ ವರ್ತನೆ ಎಂಬ ಪೇಪರ್ ಬಂದಾಗ ಹೆಚ್ಚಿನವರು ಮಾಡುವುದು ಒಂದೇ. ಸೀನಿಯರ್ ನೋಟ್ಸ್ ಜೆರಾಕ್ಸ್ ಮಾಡಿಸುತ್ತಾರೆ, ಮಾಡೆಲ್‌ಗಳ ಚಿತ್ರ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾರೆ. ಪಾಸಾಗಲು ಅಷ್ಟು ಸಾಕು. ಆದರೆ ವಿಷಯ ತಲೆಗೆ ಹತ್ತಬೇಕು, ನಾಳೆ ಕೆಲಸಕ್ಕೂ ಬರಬೇಕು ಅಂತಿದ್ದರೆ ಓದುವ ಕ್ರಮವನ್ನೇ ಸ್ವಲ್ಪ ಬದಲಿಸಬೇಕು: ಮೊದಲು ಅಂಗಡಿ, ಆಮೇಲೆ ಪುಸ್ತಕ, ಮತ್ತೆ ಅಂಗಡಿ. ಮಂಗಳೂರು, ಉಡುಪಿಯಲ್ಲಿ ಓದುವವರಿಗೆ ಇದು ಸುಲಭ, ಯಾಕೆಂದರೆ ಬೇಕಾದದ್ದೆಲ್ಲ ಬಸ್ಸಿನ ದೂರದಲ್ಲೇ ಉಂಟು.

ಮೊದಲ ವಾರ ಏನನ್ನೂ ಓದಬೇಡಿ. ಒಂದು ಚಿಕ್ಕ ನೋಟ್‌ಬುಕ್ ಹಿಡಿದು ಹಂಪನಕಟ್ಟೆಯಿಂದ ಶುರು ಮಾಡಿ. ಬಂದರಿನ ಹಳೆ ಸಗಟು ಮಳಿಗೆಗಳು, ಮಾರ್ಕೆಟ್ ರಸ್ತೆಯ ಸುತ್ತಮುತ್ತಲಿನ ತರಕಾರಿ-ಹಣ್ಣು-ಬಟ್ಟೆ ಅಂಗಡಿಗಳು, ಕೆ.ಎಸ್. ರಾವ್ ರಸ್ತೆಯ ಮಾಲ್, ಇವೆಲ್ಲವನ್ನೂ ಒಂದೇ ಮಧ್ಯಾಹ್ನ ನಡೆದು ನೋಡಬಹುದು. ಉಡುಪಿಯವರಾದರೆ ರಥಬೀದಿಯಿಂದ ಸರ್ವಿಸ್ ಬಸ್ ನಿಲ್ದಾಣದ ಕಡೆಗೆ, ಆಮೇಲೆ ಮಣಿಪಾಲದ ಟೈಗರ್ ಸರ್ಕಲ್. ಮಣಿಪಾಲಕ್ಕೆ ಹೋಗಲೇಬೇಕು. ಹಾಸ್ಟೆಲ್ ಮಕ್ಕಳನ್ನೇ ನಂಬಿಕೊಂಡ ಅಂಗಡಿ, ರಥಬೀದಿಯಲ್ಲಿ ದೇವಸ್ಥಾನಕ್ಕೆ ಬಂದವರನ್ನು ನಂಬಿಕೊಂಡ ಅಂಗಡಿ, ಇವೆರಡರಲ್ಲಿ ಸಾಮಾನು, ಬೆಳಕು, ಬಾಗಿಲು ತೆಗೆಯುವ ಹೊತ್ತು ಎಲ್ಲವೂ ಬೇರೆ ಬೇರೆ. ಇದನ್ನು ಕಣ್ಣಾರೆ ನೋಡಿದ ಮೇಲೆ ಸೆಗ್ಮೆಂಟೇಶನ್, ಅಂದರೆ ಗಿರಾಕಿಗಳನ್ನು ಗುಂಪುಗಳಾಗಿ ವಿಂಗಡಿಸುವ ಪಾಠ ಓದಿ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ನೋಡುವುದು ಅಂದರೆ ಹೇಗೆ ನೋಡುವುದು? ಒಂದು ಉದಾಹರಣೆ ಹೇಳುತ್ತೇನೆ. ಜೀನಸು ಅಂಗಡಿಯಲ್ಲಿ ಕುಚ್ಚಲಕ್ಕಿ ಕೊಳ್ಳಲು ಬಂದ ಹೆಂಗಸನ್ನು ಗಮನಿಸಿ. ಗೋಣಿಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾರೆ, ಅಂಗೈಯಲ್ಲಿ ಹರಡುತ್ತಾರೆ, ನುಚ್ಚು ಎಷ್ಟಿದೆ ನೋಡುತ್ತಾರೆ, ಎರಡು ಕಾಳು ಬಾಯಿಗೆ ಹಾಕಿ ಕಚ್ಚುತ್ತಾರೆ. "ಇದು ಬೇಯಲಿಕ್ಕೆ ಎಷ್ಟು ಹೊತ್ತು ಬೇಕು?" ಅಂತ ಕೇಳುತ್ತಾರೆ. ಅದೇ ಹೆಂಗಸು ಸೂಪರ್ ಮಾರ್ಕೆಟ್‌ನಲ್ಲಿ ಪ್ಯಾಕೆಟ್ ಅಕ್ಕಿಯ ಮುಂದೆ ನಿಂತಾಗ ಈ ಯಾವ ಪರೀಕ್ಷೆಯನ್ನೂ ಮಾಡಲು ಆಗುವುದಿಲ್ಲ. ಆಗ ಅವರು ಬ್ರ್ಯಾಂಡ್ ನೋಡುತ್ತಾರೆ, ದರ ನೋಡುತ್ತಾರೆ, ಅಥವಾ ಮೊದಲ ಸಲ ಐದು ಕೆಜಿಯ ಚಿಕ್ಕ ಚೀಲ ಒಯ್ಯುತ್ತಾರೆ. ಮುಟ್ಟಿ ನೋಡಲು ಆಗದಿದ್ದಾಗ ಆಗುವ ಭಯವನ್ನು ಚಿಕ್ಕ ಚೀಲದಿಂದ ಕಡಿಮೆ ಮಾಡಿಕೊಂಡದ್ದು ಅದು. ಪುಸ್ತಕದಲ್ಲಿ 'ಪರ್ಸೀವ್ಡ್ ರಿಸ್ಕ್' ಎಂಬ ಪಾಠ ಬರುತ್ತದಲ್ವಾ, ಇದೇ ಅದು. ಇನ್ನು ಇವರ ಕೈಗೆ ಪ್ರಶ್ನಾವಳಿ ಕೊಟ್ಟು ನೋಡಿ, "ಗುಣಮಟ್ಟ ಮುಖ್ಯ" ಎಂದು ಟಿಕ್ ಮಾಡುತ್ತಾರೆ ಅಷ್ಟೆ. ಆ ಅಂಗೈ, ಆ ಎರಡು ಕಾಳು ಯಾವ ಪ್ರಶ್ನಾವಳಿಯಲ್ಲೂ ಬರುವುದಿಲ್ಲ. ಜನ ಏನು ಹೇಳುತ್ತಾರೆ ಎನ್ನುವುದಕ್ಕಿಂತ ಏನು ಮಾಡುತ್ತಾರೆ ಎನ್ನುವುದನ್ನು ಮೊದಲು ಬರೆದುಕೊಳ್ಳಿ. ಈ ವಿಷಯದಲ್ಲಿ ನಾನು ಹೇಳುವ ಮುಖ್ಯ ಮಾತು ಇದೊಂದೇ.

ಆಮೇಲೆ ಥಿಯರಿಗೆ ಬನ್ನಿ, ಆದರೆ ಪ್ರತಿಯೊಂದನ್ನೂ ಊರಿಗೆ ತಂದು ಒರೆಗೆ ಹಚ್ಚಿ. ಅಮೆರಿಕದ ವಿಲಿಯಂ ರೈಲಿ 1931ರಲ್ಲಿ ಕೊಟ್ಟ ಆಕರ್ಷಣೆಯ ನಿಯಮವನ್ನೇ ತೆಗೆದುಕೊಳ್ಳಿ. ಎರಡು ಪೇಟೆಗಳ ನಡುವಿನ ಊರಿನವರನ್ನು ಒಂದು ಪೇಟೆ ಸೆಳೆಯುವ ಶಕ್ತಿ ಆ ಪೇಟೆಯ ಜನಸಂಖ್ಯೆ ಹೆಚ್ಚಿದಷ್ಟೂ ಹೆಚ್ಚುತ್ತದೆ, ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ, ಇಷ್ಟೇ ಅದು. ಈಗ ಎರಡು ಪೇಟೆಗಳ ಸೆಳೆತ ಸಮನಾಗುವ ಜಾಗ ಎಲ್ಲಿ ಅಂತ ಲೆಕ್ಕ ಹಾಕಿ. ಮಂಗಳೂರು ಸುಮಾರು 5 ಲಕ್ಷ, ಉಡುಪಿ ಸುಮಾರು ಒಂದೂವರೆ ಲಕ್ಷ, ನಡುವಿನ ದೂರ 55 ಕಿಲೋಮೀಟರ್ ಅಂದುಕೊಳ್ಳಿ. 5ನ್ನು 1.5ರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.83 ಬರುತ್ತದೆ. ಅದಕ್ಕೆ 1 ಕೂಡಿಸಿ, 55ನ್ನು ಅದರಿಂದ ಭಾಗಿಸಿ. ಉಡುಪಿಯಿಂದ ಹೆಚ್ಚುಕಡಿಮೆ ಹತ್ತೊಂಬತ್ತೂವರೆ ಕಿಲೋಮೀಟರ್, ಅಂದರೆ ಉಚ್ಚಿಲದ ಆಸುಪಾಸು. ಉಚ್ಚಿಲದಿಂದ ಉತ್ತರದವರು ಉಡುಪಿಗೆ, ದಕ್ಷಿಣದವರು ಮಂಗಳೂರಿಗೆ ಹೋಗಬೇಕು ಎನ್ನುತ್ತದೆ ಸೂತ್ರ.

ಹೌದಾ ಅಂತ ನೋಡಲು ಉಚ್ಚಿಲದಿಂದ ಸ್ವಲ್ಪ ದಕ್ಷಿಣಕ್ಕಿರುವ ಪಡುಬಿದ್ರೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೇಳಿ. ಮದುವೆ ಸೀರೆ ಎಲ್ಲಿ ತೆಗೆದಿರಿ, ಚಿನ್ನ ಎಲ್ಲಿ, ಫ್ರಿಜ್ ಎಲ್ಲಿ, ಮಕ್ಕಳ ಚಪ್ಪಲಿ ಎಲ್ಲಿ? ಒಂದೇ ಮನೆಯವರು ನಾಲ್ಕು ಸಾಮಾನಿಗೆ ನಾಲ್ಕು ಊರು ಹೇಳಬಹುದು. ಮಗಳನ್ನು ಕೊಟ್ಟ ಊರು, ಆಸ್ಪತ್ರೆಗೆ ಹೋಗುವ ಊರು, ಎಕ್ಸ್‌ಪ್ರೆಸ್ ಬಸ್ಸು ನಿಲ್ಲುವ ಜಾಗ, ಸೂತ್ರಕ್ಕೆ ಇದ್ಯಾವುದೂ ಗೊತ್ತಿಲ್ಲ. ಪರೀಕ್ಷೆಯಲ್ಲಿ 'ನಿಯಮದ ಮಿತಿಗಳನ್ನು ವಿವರಿಸಿ' ಎಂದು ಕೇಳಿದಾಗ ನೀವು ಬರೆಯುವ ಉತ್ತರ ಗೈಡ್‌ನಲ್ಲಿ ಇರುವುದಕ್ಕಿಂತ ಖಂಡಿತ ಚೆನ್ನಾಗಿರುತ್ತದೆ.

ಓದಿದ್ದೆಲ್ಲವನ್ನೂ ಹಾಗೇ ನಂಬಲೂ ಬೇಡಿ. ಜಾಮ್ ಪ್ರಯೋಗ ಎಲ್ಲ ಕ್ಲಾಸಿನಲ್ಲೂ ಬರುತ್ತದೆ. ಅಮೆರಿಕದ ಒಂದು ಅಂಗಡಿಯಲ್ಲಿ 24 ಬಗೆ ಜಾಮ್ ಇಟ್ಟಾಗ ನಿಂತು ನೋಡಿದವರಲ್ಲಿ ನೂರಕ್ಕೆ 3 ಜನ ಕೊಂಡರು, 6 ಬಗೆ ಇಟ್ಟಾಗ 30 ಜನ ಕೊಂಡರು ಎಂದು 2000ದಲ್ಲಿ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಪ್ರಕಟಿಸಿದರು. ಆದರೆ 2010ರಲ್ಲಿ ಇಂಥ ಹಲವು ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ ಸರಾಸರಿ ಪರಿಣಾಮ ಹೆಚ್ಚುಕಡಿಮೆ ಸೊನ್ನೆ ಬಂತು. ಆಯ್ಕೆ ಜಾಸ್ತಿಯಾದರೆ ಯಾವಾಗ ತೊಂದರೆ, ಯಾವಾಗ ಇಲ್ಲ ಎನ್ನುವುದೇ ನಿಜವಾದ ಪ್ರಶ್ನೆ. ಉತ್ತರ ಹುಡುಕಲು ಸೀರೆ ಅಂಗಡಿಗೆ ಹೋಗಿ. ಹಾಸಿನ ಮೇಲೆ ರಾಶಿ ಸೀರೆ ಬಿಚ್ಚುತ್ತಾರೆ, ಆದರೂ ಜನ ಕೊಳ್ಳುತ್ತಾರಲ್ಲ? ಒಳ್ಳೆಯ ಸೇಲ್ಸ್‌ಮನ್‌ನ ಕೈ ನೋಡಿ. ಗಿರಾಕಿಯ ಬೆರಳು ಯಾವ ಸೀರೆಯ ಮೇಲೆ ಎರಡನೇ ಸಲ ಹೋಯಿತೋ ಅದನ್ನು ಮೇಲೆ ಬಿಟ್ಟು ಉಳಿದದ್ದನ್ನು ಮಾತಾಡುತ್ತಲೇ ಮಡಚಿ ಬದಿಗೆ ಸರಿಸುತ್ತಾನೆ. ಕೊನೆಗೆ ಉಳಿಯುವುದು ಎರಡೋ ಮೂರೋ. ಆಯ್ಕೆ ಕಡಿಮೆ ಮಾಡುವ ಕೆಲಸವನ್ನು ಅವನೇ ಮಾಡಿಕೊಡುತ್ತಾನೆ.

ನಮ್ಮ ಕರಾವಳಿಯ ಕ್ಯಾಲೆಂಡರ್ ಹಿಡಿದು ಓದಿದರೆ ಇನ್ನೂ ಲಾಭ. ಆಟಿ ಎಂಬ ತುಳು ತಿಂಗಳಲ್ಲಿ (ಜುಲೈ-ಆಗಸ್ಟ್) ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಮಳೆ ಬೇರೆ. ಅದಕ್ಕೇ ಬಟ್ಟೆ ಅಂಗಡಿಗಳಲ್ಲಿ ಆಟಿ ಸೇಲ್. ಬೇಡಿಕೆ ಬಿದ್ದಾಗ ಸ್ಟಾಕ್ ಹೇಗೆ ಖಾಲಿ ಮಾಡುತ್ತಾರೆ, ಮುಂದಿನ ಸೋಣ ತಿಂಗಳು ಬಂದು ಚೌತಿ ಹತ್ತಿರವಾದಾಗ ಹೊಸ ಸ್ಟಾಕ್ ಎಲ್ಲಿ ಇಡುತ್ತಾರೆ ಎನ್ನುವುದನ್ನು ಎರಡೂ ಕಾಲದಲ್ಲಿ ಹೋಗಿ ಹೋಲಿಸಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಬಂಗುಡೆ, ಬೂತಾಯಿ ದರ ಏರಿದಾಗ ಒಂದು ಮನೆ ಒಣಮೀನಿಗೆ ಹೋಗುತ್ತದೆ, ಇನ್ನೊಂದು ಮನೆ ಕೋಳಿಗೆ ಹೋಗುತ್ತದೆ, ಮತ್ತೊಂದು ದುಬಾರಿಯಾದರೂ ಮೀನೇ ತರುತ್ತದೆ. ಬದಲಿ ಸರಕು ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾಕೆ ಹುಡುಕಬೇಕು? ಶಂಕರಪುರ ಮಲ್ಲಿಗೆಯೂ ಹಾಗೆಯೇ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ದರ ದಿನಾ ನಿಗದಿಯಾಗುತ್ತದೆ. ಮುಹೂರ್ತದ ದಿನಗಳ ದರವನ್ನೂ ಮಾಮೂಲಿ ದಿನಗಳ ದರವನ್ನೂ ಎರಡು ತಿಂಗಳು ಬರೆದಿಟ್ಟರೆ ನಿಮ್ಮ ಹತ್ತಿರ ಸ್ವಂತ ಡೇಟಾ ಇರುತ್ತದೆ, ಬೇರೆಯವರ ಟೇಬಲ್ ಕಾಪಿ ಮಾಡಬೇಕಾಗಿಲ್ಲ.

ಲೆಕ್ಕಕ್ಕೆ ಹೆದರುವವರು ಒಂದನ್ನಾದರೂ ಕಲಿಯಿರಿ, ಸ್ಟಾಕ್ ಟರ್ನ್, ಅಂದರೆ ಇಟ್ಟ ಸಾಮಾನು ವರ್ಷಕ್ಕೆ ಎಷ್ಟು ಸಲ ಮಾರಿ ಹೋಗುತ್ತದೆ ಎನ್ನುವುದು. ಒಂದು ಲಕ್ಷ ರೂಪಾಯಿ ಅಕ್ಕಿಗೆ ಹಾಕಿದ್ದೀರಿ, ಅದು ವರ್ಷಕ್ಕೆ 24 ಸಲ ಮಾರಿ ಹೋಗುತ್ತದೆ, ಪ್ರತಿ ಸಲ ನೂರಕ್ಕೆ 5 ಉಳಿಯುತ್ತದೆ ಎಂದುಕೊಳ್ಳಿ. ವರ್ಷಕ್ಕೆ 1,20,000 ಆಯಿತು. ಅದೇ ಒಂದು ಲಕ್ಷ ಸ್ಟೀಲ್ ಪಾತ್ರೆಗೆ ಹಾಕಿ, ನೂರಕ್ಕೆ 30 ಉಳಿದರೂ ವರ್ಷಕ್ಕೆ ಎರಡೇ ಸಲ ಮಾರಿದರೆ 60,000. ಲಾಭದ ಪ್ರಮಾಣ ನೋಡಿ ಅಂಗಡಿ ಚೆನ್ನಾಗಿ ನಡೆಯುತ್ತಿದೆ ಎಂದು ಹೇಳಬಾರದು ಯಾಕೆ ಅಂತ ಇದರಲ್ಲೇ ಗೊತ್ತಾಗುತ್ತದೆ.

ಈಗ ಪ್ರಾಜೆಕ್ಟ್. ಇಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು. 'ಮಂಗಳೂರಿನ ಗ್ರಾಹಕರ ಆನ್‌ಲೈನ್ ಖರೀದಿ: ಒಂದು ಅಧ್ಯಯನ' ಎಂಬ ತಲೆಬರಹ ದಯವಿಟ್ಟು ಬೇಡ. ಅಷ್ಟು ದೊಡ್ಡದನ್ನು ಒಂದು ಸೆಮಿಸ್ಟರ್‌ನಲ್ಲಿ ಯಾರಿಂದಲೂ ಮಾಡಲು ಆಗುವುದಿಲ್ಲ. ಗೂಗಲ್ ಫಾರ್ಮ್ ಮಾಡಿ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಸಿಗುವುದು ನಿಮ್ಮದೇ ವಯಸ್ಸಿನ, ನಿಮ್ಮದೇ ಥರ ಯೋಚಿಸುವ ನೂರು ಜನ. ಅದನ್ನು ಮಂಗಳೂರಿನ ಗ್ರಾಹಕರು ಅಂತ ಬರೆಯುವುದು ತಪ್ಪು. ಪ್ರಶ್ನೆಯನ್ನು ಚಿಕ್ಕದು ಮಾಡಿ. ಒಂದು ಜೀನಸು ಅಂಗಡಿಯಲ್ಲಿ ಸಂಜೆ 5ರಿಂದ 8ರವರೆಗೆ ಬಂದವರಲ್ಲಿ ಚೀಟಿ ತಂದವರು ಎಷ್ಟು, ಚೀಟಿಯಲ್ಲಿ ಇಲ್ಲದ್ದನ್ನು ಎಷ್ಟು ಜನ ಒಯ್ದರು, ಹಣ ಕೊಟ್ಟವರು, ಯುಪಿಐ ಮಾಡಿದವರು, ಲೆಕ್ಕಕ್ಕೆ (ಸಾಲಕ್ಕೆ) ಬರೆಸಿದವರು ಎಷ್ಟು? ಇಷ್ಟೇ ಸಾಕು ಮಾರಾಯ್ರೇ, ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ. ಮಾಲ್ ಆದರೆ ಒಂದು ಅಂಗಡಿಯ ಬಾಗಿಲಲ್ಲಿ ಒಳಗೆ ಹೋದವರನ್ನೂ ಕೈಯಲ್ಲಿ ಚೀಲ ಹಿಡಿದು ಹೊರಗೆ ಬಂದವರನ್ನೂ ಎಣಿಸಿ, ಕನ್ವರ್ಶನ್, ಅಂದರೆ ಬಂದವರಲ್ಲಿ ಕೊಂಡವರ ಪಾಲು, ಸಿಗುತ್ತದೆ. ಎರಡಕ್ಕೂ ಮ್ಯಾನೇಜರ್ ಅಥವಾ ಮಾಲೀಕರ ಒಪ್ಪಿಗೆ ಬೇಕು. ಯಾರ ಫೋಟೋ, ವಿಡಿಯೋ ಕೂಡ ಅವರನ್ನು ಕೇಳದೆ ತೆಗೆಯಬೇಡಿ, ಲೆಕ್ಕಕ್ಕೆ ಬರೆಸಿದವರ ಹೆಸರು ನೋಟ್‌ಬುಕ್ಕಿಗೂ ಬರಬಾರದು.

ಅಂಗಡಿಯವರ ಹತ್ತಿರ ಮಾತಾಡಲಿಕ್ಕೂ ಒಂದು ರೀತಿ ಉಂಟು. ಸಂಜೆಯ ರಶ್‌ನಲ್ಲಿ ಹೋಗಬೇಡಿ, ಬೆಳಗ್ಗೆ 11ರ ಸುಮಾರಿಗೆ ಹೋಗಿ. ಕಾಲೇಜಿನ ಪತ್ರ ತೋರಿಸಿ. ತುಳು, ಕೊಂಕಣಿ, ಬ್ಯಾರಿ, ಅವರ ಮನೆಮಾತು ನಿಮಗೆ ಬಂದರೆ ಅದರಲ್ಲೇ ಕೇಳಿ, ಇಂಗ್ಲಿಷ್ ಪ್ರಶ್ನಾವಳಿ ಮುಂದೆ ಹಿಡಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. "ದಿನಕ್ಕೆ ವ್ಯಾಪಾರ ಎಷ್ಟು?" ಅಂತ ಮೊದಲೇ ಕೇಳಿದರೆ ಯಾರು ಹೇಳುತ್ತಾರೆ? "ಅಣ್ಣಾ, ಯಾವ ಸಾಮಾನು ಇಟ್ಟರೂ ಉಳಿಯುವುದಿಲ್ಲ, ಯಾವುದು ಹಾಗೇ ಕೂತಿರುತ್ತದೆ?" ಎಂದು ಕೇಳಿ. ಉಳಿದದ್ದನ್ನು ಅವರೇ ಹೇಳುತ್ತಾರೆ.

ದೊಡ್ಡ ಅಂಕಿ ಬೇಕಾದರೆ ಸರ್ಕಾರದ ಮನೆಬಳಕೆ ವೆಚ್ಚದ ಸಮೀಕ್ಷೆ ನೋಡಿ. 2022-23ರಲ್ಲಿ ದೇಶದ ಹಳ್ಳಿ ಮನೆಗಳ ಖರ್ಚಿನಲ್ಲಿ ಆಹಾರದ ಪಾಲು ನೂರಕ್ಕೆ 46ರಷ್ಟು, ಪೇಟೆಯಲ್ಲಿ 39ರಷ್ಟು. ನಿಮ್ಮ ಮನೆಯ ಒಂದು ತಿಂಗಳ ಖರ್ಚು ಬರೆದು ಇದರ ಪಕ್ಕ ಇಟ್ಟು ನೋಡಿ. ಹಳೆ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಅದರಲ್ಲಿ ಕೊನೆಯ ಅಧ್ಯಾಯಕ್ಕಿಂತ ಪ್ರಶ್ನಾವಳಿಯನ್ನು ಓದಿ. ಕ್ಲಾಸಿನಲ್ಲಿ ಅರ್ಥವಾಗದ ಪಾಠಕ್ಕೆ ಸ್ವಯಂ, ಎನ್‌ಪಿಟಿಇಎಲ್ ಎಂಬ ಸರ್ಕಾರಿ ಆನ್‌ಲೈನ್ ಪಾಠಗಳ ವಿಡಿಯೋಗಳಿವೆ. ಡೇಟಾ ವಿಶ್ಲೇಷಣೆಗೆ ದುಡ್ಡು ಕೊಟ್ಟು ಸಾಫ್ಟ್‌ವೇರ್ ತೆಗೆದುಕೊಳ್ಳುವ ಅಗತ್ಯ ಇಲ್ಲ, ಜಮೋವಿ ಎಂಬ ಸಾಫ್ಟ್‌ವೇರ್ ಉಚಿತ.

ಸ್ಥಳೀಯ ಇತಿಹಾಸವನ್ನೂ ಬಿಡಬೇಡಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟ್ ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಒಯ್ಯುತ್ತಿದ್ದ. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುವವರಿಗೆ ಚಿಕ್ಕ ಮೊತ್ತ, ದಿನದ ರೂಢಿ, ಗೊತ್ತಿರುವ ಮುಖ, ಈ ಮೂರನ್ನೂ ಒಟ್ಟಿಗೆ ಕೊಟ್ಟ ಯೋಜನೆ ಅದು. ಗ್ರಾಹಕರ ವರ್ತನೆಯ ವೈವಾದಲ್ಲಿ ಉದಾಹರಣೆ ಕೇಳಿದಾಗ ವಿದೇಶದ ಕಂಪನಿಗಳ ಹೆಸರೇ ಹೇಳಬೇಕೆಂದಿಲ್ಲ.

ರಜೆಯಲ್ಲಿ ಸಾಧ್ಯವಾದರೆ ಒಂದು ಅಂಗಡಿಯಲ್ಲಿ ಕೆಲಸಕ್ಕೆ ಸೇರಿ. ಚೌತಿ, ದೀಪಾವಳಿ, ಕ್ರಿಸ್ಮಸ್ ಹೊತ್ತಿಗೆ ಬಟ್ಟೆ ಅಂಗಡಿಗಳಿಗೆ ಜನ ಬೇಕಾಗುತ್ತದೆ. ಬಿಲ್ಲಿಂಗ್ ಕೌಂಟರ್‌ಗಿಂತ ಸ್ಟಾಕ್ ಎಣಿಸುವ ಕೆಲಸ ಕೇಳಿ ಪಡೆಯಿರಿ, ಯಾವುದು ಓಡುತ್ತದೆ ಯಾವುದು ಓಡುವುದಿಲ್ಲ ಎನ್ನುವುದು ಗೋಡೌನಿನಲ್ಲೇ ಕಾಣುವುದು.

ಇನ್ನೊಂದು ವಿಷಯ. ವರದಿ ಮುಗಿದ ಮೇಲೆ ಬೈಂಡಿಂಗ್‌ಗೆ ಕೊಡುವ ಮೊದಲು ಒಂದೇ ಪುಟದಲ್ಲಿ, ಕನ್ನಡದಲ್ಲಿ, ನಿಮಗೆ ಸಿಕ್ಕಿದ್ದನ್ನು ಬರೆದು ಆ ಅಂಗಡಿಯವರಿಗೆ ಓದಲು ಕೊಡಿ. ಅವರು ಅಷ್ಟು ಹೊತ್ತು ನಿಮಗೆ ನಿಲ್ಲಲು ಜಾಗ ಕೊಟ್ಟಿದ್ದಾರೆ, ಅದು ಅವರಿಗೆ ಸಲ್ಲಬೇಕು. "ಇದು ಹಾಗಲ್ಲ, ಆ ದಿನ ಮಳೆ ಇತ್ತು, ಅದಕ್ಕೇ ಜನ ಕಡಿಮೆ" ಅಂತ ಅವರು ಹೇಳಿದರೆ ಆ ಮಾತನ್ನೂ ವರದಿಯಲ್ಲಿ ಸೇರಿಸಿ, ಆಮೇಲೆ ಬೈಂಡಿಂಗ್ ಮಾಡಿಸಿ.