ಬೇಸ್ ಒಂದು ಕಡೆ, ಸೂಪರ್ ಟಾಪ್-ಅಪ್ ಇನ್ನೊಂದು ಕಡೆ: ನಿವೃತ್ತಿಯ ನಂತರದ ನನ್ನ ಅನುಭವ

2024ರ ನವೆಂಬರ್‌ನಿಂದ 2025ರ ಅಕ್ಟೋಬರ್‌ವರೆಗೆ ನಮ್ಮ ಮನೆಯ ಆಸ್ಪತ್ರೆ ಬಿಲ್ ಒಟ್ಟು 8.8 ಲಕ್ಷದ ಹತ್ತಿರ ಬಂತು. ಹೆಂಡತಿಗೆ ಎರಡೂ ಮಂಡಿ ಬದಲಾವಣೆ, ನನಗೆ ಒಂದು ಸ್ಟೆಂಟ್. ಕೈಯಿಂದ ಹೋಗಿದ್ದು ಸುಮಾರು 35 ಸಾವಿರ ಮಾತ್ರ. ಅದೂ ಕೈಗವಸು, ಫೈಲ್ ಚಾರ್ಜ್ ಅಂತ ಯಾವ ವಿಮಾ ಕಂಪನಿಯೂ ಕೊಡದ ಬಾಬ್ತುಗಳು. ಒಂದು ಕಂಪನಿಯ ಮೂಲ ಆರೋಗ್ಯ ವಿಮೆ (ಬೇಸ್), ಅದರ ಮೇಲೆ ವರ್ಷದ ಬಿಲ್ಲು ಒಂದು ಮೊತ್ತ ದಾಟಿದ ಮೇಲೆ ಕೊಡುವ ಇನ್ನೊಂದು ಕಂಪನಿಯ ಸೂಪರ್ ಟಾಪ್-ಅಪ್, ಹೀಗೆ ಎರಡು ಪಾಲಿಸಿ ಇಟ್ಟುಕೊಂಡಿದ್ದೆ. ಆರು ವರ್ಷದಿಂದ "ಇದು ನಡೆಯಲ್ಲ" ಎನ್ನುತ್ತಿದ್ದ ಗೆಳೆಯರು ಈಗ ಫೋನ್ ಮಾಡಿ ಹೇಗೆ ಮಾಡಿದ್ರಿ ಎಂದು ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ. ಅಂಕಿಗಳು ನೆನಪಿನಿಂದ ಬರೆದವು, ಸಾವಿರ ಎರಡು ಸಾವಿರ ಆಚೀಚೆ ಇರಬಹುದು.

ನಾನು ಬ್ಯಾಂಕಿನಿಂದ 2018ರಲ್ಲಿ ನಿವೃತ್ತನಾದೆ. ನಿವೃತ್ತರ ಗುಂಪು ಪಾಲಿಸಿ ಇತ್ತು. ಇಬ್ಬರಿಗೂ ಸೇರಿ 4 ಲಕ್ಷ, ನವೆಂಬರ್ 1ರಿಂದ ವರ್ಷ ಶುರು. ಹಳೆಯ ಕಾಯಿಲೆಗೆ ಕಾಯುವ ಗೋಳು ಇಲ್ಲ, ವಯಸ್ಸು ಕೇಳುವುದಿಲ್ಲ. ಇಂಥ ಪಾಲಿಸಿಯನ್ನು ಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಈ ಕಾಲದಲ್ಲಿ 4 ಲಕ್ಷ ಎಲ್ಲಿಗೆ ಸಾಕು?

ಮಗಳು "ಅಪ್ಪಾ, ಅದನ್ನು ಬಿಟ್ಟು ಹೊರಗೆ 10 ಲಕ್ಷದ್ದು ತಗೊಳ್ಳಿ" ಎಂದಳು. ವಿಚಾರಿಸಿದೆ. ಇಬ್ಬರಿಗೆ 70 ಸಾವಿರಕ್ಕೆ ಕಡಿಮೆ ಯಾರೂ ಹೇಳಲಿಲ್ಲ. ಒಂದು ಕಂಪನಿ ಪ್ರತಿ ಬಿಲ್ಲಿನಲ್ಲೂ ಶೇಕಡಾ 20 ನೀವೇ ಕೊಡಬೇಕು ಎಂದಿತು. ಇನ್ನೊಂದು ಕಂಪನಿ ನನ್ನ ಸಕ್ಕರೆ ರಿಪೋರ್ಟ್ ನೋಡಿ ಅರ್ಜಿಯನ್ನೇ ವಾಪಸ್ ಕಳಿಸಿತು. ಹಾಗಾಗಿ ಗುಂಪು ಪಾಲಿಸಿಯನ್ನೇ ಬೇಸ್ ಆಗಿ ಉಳಿಸಿಕೊಂಡು, ಅದರ ಮೇಲೆ ಇನ್ನೊಂದು ಪದರ ಹಾಕುವ ದಾರಿ ಹಿಡಿದೆ.

ಮೊದಲ ಪೆಟ್ಟು 2019ರಲ್ಲಿ. ಫೆಬ್ರುವರಿಯಲ್ಲಿ 4 ಲಕ್ಷ ಡಿಡಕ್ಟಿಬಲ್ (ಅಷ್ಟನ್ನು ಬೇರೆ ಕಡೆಯಿಂದ ತುಂಬಿದ ಮೇಲೆ ಮಾತ್ರ ಇವರು ಕೊಡುವುದು) ಇರುವ ಟಾಪ್-ಅಪ್ ತಗೊಂಡೆ. ಪ್ರೀಮಿಯಂ 8 ಸಾವಿರದ ಆಸುಪಾಸು, ಅಗ್ಗ ಎಂದು ಖುಷಿಯಾಗಿದ್ದೆ. ಜೂನ್‌ನಲ್ಲಿ ಹೆಂಡತಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್‌ಗೆ 2.9 ಲಕ್ಷ. ಸೆಪ್ಟೆಂಬರ್‌ನಲ್ಲಿ ನನಗೆ ಡೆಂಗಿ ಬಂದು ಐಸಿಯು ಸೇರಿದೆ. 2.3 ಲಕ್ಷ. ಒಟ್ಟು 5.2 ಆಯಿತಲ್ಲ, ಬೇಸ್ 4 ಕೊಟ್ಟಿತು, ಉಳಿದ 1.2 ಟಾಪ್-ಅಪ್‌ನವರು ಕೊಡುತ್ತಾರೆ ಎಂದುಕೊಂಡೆ. ಒಂದು ಪೈಸೆ ಬರಲಿಲ್ಲ. ನಾನು ತಗೊಂಡಿದ್ದು ಬರೀ ಟಾಪ್-ಅಪ್, ಸೂಪರ್ ಟಾಪ್-ಅಪ್ ಅಲ್ಲ. ಅದರಲ್ಲಿ ಒಂದೊಂದು ಬಿಲ್ಲೂ ತಾನಾಗಿಯೇ 4 ಲಕ್ಷ ದಾಟಬೇಕು. ಸೂಪರ್ ಆದರೆ ವರ್ಷದ ಬಿಲ್ಲುಗಳನ್ನೆಲ್ಲ ಕೂಡಿ ನೋಡುತ್ತಾರೆ. ಆ ಒಂದು ಪದಕ್ಕೆ 1.2 ಲಕ್ಷ ತೆತ್ತೆ. ಬ್ಯಾಂಕಿನಲ್ಲಿ ಜೀವಮಾನವೆಲ್ಲ ಕಾಗದ ಓದಿದವನಿಗೆ ಅದು ತುಂಬಾ ನೋವಾಯಿತು.

2020ರ ಫೆಬ್ರುವರಿಯಲ್ಲಿ ಅದನ್ನು ಬಿಟ್ಟು ಸೂಪರ್ ತಗೊಂಡೆ. ಈಗ ಸರಿಹೋಯಿತು ಎಂದುಕೊಂಡೆ. ಹೋಗಲಿಲ್ಲ. 2021ರ ಜನವರಿಯಲ್ಲಿ ನನಗೆ ನ್ಯುಮೋನಿಯಾ, 2.6 ಲಕ್ಷ. ಮೇ ತಿಂಗಳಲ್ಲಿ ಹೆಂಡತಿಗೆ ಕೋವಿಡ್, 3.1 ಲಕ್ಷ. ಬೇಸ್‌ನ ಲೆಕ್ಕದಲ್ಲಿ ಎರಡೂ ಒಂದೇ ವರ್ಷ, ಹಾಗಾಗಿ 4 ಲಕ್ಷಕ್ಕೆ ಬೇಸ್ ಮುಗಿಯಿತು. ಆದರೆ ಸೂಪರ್‌ನ ವರ್ಷ ಫೆಬ್ರುವರಿಗೆ ಶುರು. ಅವರ ಲೆಕ್ಕದಲ್ಲಿ ಜನವರಿ ಹಳೆಯ ವರ್ಷ, ಮೇ ಹೊಸ ವರ್ಷ. ಎರಡೂ ವರ್ಷದಲ್ಲಿ 4 ದಾಟಲೇ ಇಲ್ಲ. ಮತ್ತೆ 1.7 ಲಕ್ಷ ನನ್ನ ಜೇಬಿನಿಂದ. ಎರಡೂ ಪಾಲಿಸಿಯ ದಿನಾಂಕ ಒಂದೇ ಇರಬೇಕು ಎಂದು ಯಾವ ಏಜೆಂಟೂ ನನಗೆ ಹೇಳಿರಲಿಲ್ಲ. ಇದನ್ನು ಓದುವವರು ದಯವಿಟ್ಟು ಈಗಲೇ ಎದ್ದು ಹೋಗಿ ನಿಮ್ಮ ಎರಡು ಪಾಲಿಸಿಯ ತಾರೀಖು ನೋಡಿ.

ಪಿಂಚಣಿದಾರರ ಸಭೆಯಲ್ಲಿ ಆಗ ಒಬ್ಬ ಹಿರಿಯರು ಎಲ್ಲರ ಮುಂದೆ ಹೇಳಿದರು: "ರಾಯರೇ, ಎರಡು ಕಂಪನಿ ಇಟ್ಕೊಂಡ್ರೆ ಇವರು ಅವರ ಮೇಲೆ ಹಾಕ್ತಾರೆ, ಅವರು ಇವರ ಮೇಲೆ ಹಾಕ್ತಾರೆ. ನಡುವೆ ನೀವು ಅಲೀತೀರಿ." ನಾನು ಜಾಸ್ತಿ ವಾದ ಮಾಡಲಿಲ್ಲ. 2021ರ ನವೆಂಬರ್ 1ಕ್ಕೆ ಸರಿಯಾಗಿ ಶುರುವಾಗುವಂತೆ ಹೊಸ ಸೂಪರ್ ತಗೊಂಡೆ. 4 ಲಕ್ಷದ ಮೇಲೆ 10 ಲಕ್ಷ, ಇಬ್ಬರಿಗೂ ಸೇರಿ. ಮೊದಲ ವರ್ಷ 14 ಸಾವಿರ. ಹಳೆಯದನ್ನು ಅದರ ಅವಧಿ ಮುಗಿಯುವವರೆಗೆ ಬಿಟ್ಟೆ. ಹೊಸದಾಗಿ ತಗೊಂಡಿದ್ದರಿಂದ ಕಾಯುವ ಅವಧಿ, ಅಂದರೆ ಕೆಲವು ಕಾಯಿಲೆಗೆ ಕ್ಲೇಮ್ ಸಿಗದ ಮೊದಲ ವರ್ಷಗಳು, ಮೊದಲಿನಿಂದ ಶುರು. ಮಂಡಿಗೆ 2 ವರ್ಷ, ಬಿಪಿ-ಸಕ್ಕರೆಯಂತೆ ಮೊದಲೇ ಇದ್ದ ಕಾಯಿಲೆಗೆ 3 ವರ್ಷ. ಆ ನಷ್ಟ ಗೊತ್ತಿದ್ದೇ ಒಪ್ಪಿಕೊಂಡೆ. ಹೆಂಡತಿಯ ಮಂಡಿ ಆಗಲೇ ನೋಯುತ್ತಿತ್ತು. ಪಾಪ, ಅವಳು ಔಷಧಿ, ಫಿಸಿಯೋಥೆರಪಿಯಲ್ಲೇ ಮೂರು ವರ್ಷ ತಳ್ಳಿದಳು. ಈ ಕೆಲಸ ಗೆದ್ದಿದ್ದರೆ ಅರ್ಧ ಪಾಲು ಅವಳದು.

ಅರ್ಜಿಯಲ್ಲಿ ಎಲ್ಲವನ್ನೂ ಬರೆದೆ. ಬಿಪಿ ಮಾತ್ರೆ, ಸಕ್ಕರೆ ಮಾತ್ರೆ, ಹಿಂದೊಮ್ಮೆ ಆದ ಮೂಲವ್ಯಾಧಿ ಆಪರೇಷನ್ ಕೂಡ. ಏಜೆಂಟ್ "ಅದೆಲ್ಲ ಯಾಕೆ ಸಾರ್" ಎಂದ. ನಾನು ಕೇಳಲಿಲ್ಲ. ಪ್ರೀಮಿಯಂ ಸ್ವಲ್ಪ ಏರಿತು, ಏರಲಿ. ಈಗ 5 ವರ್ಷ ಪೂರ್ತಿ ಪಾಲಿಸಿ ನಡೆದರೆ, ಮೋಸ ಸಾಬೀತಾಗದ ಹೊರತು, ಹಳೆಯದನ್ನು ಕೆದಕಿ ಕ್ಲೇಮ್ ನಿರಾಕರಿಸುವಂತಿಲ್ಲ. ಮೊದಲು ಅದು 8 ವರ್ಷ ಇತ್ತು, 2024ರ ಏಪ್ರಿಲ್‌ನಿಂದ ಇಳಿಸಿದರು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಆಸ್ಪತ್ರೆಯಲ್ಲಿದ್ದ ಪ್ರತಿ ದಿನಕ್ಕೆ 2 ಸಾವಿರ ಕೊಡುವ ಪಾಲಿಸಿ. ಎರಡು ವರ್ಷಕ್ಕೆ 11 ಸಾವಿರ ಕಟ್ಟಿದೆ, ಬಂದಿದ್ದು ಒಮ್ಮೆ 4 ಸಾವಿರ. ಬಿಟ್ಟೆ. ಅದರ ಬದಲು 4 ಲಕ್ಷದ ಒಂದು ಎಫ್‌ಡಿ ಮಾಡಿ ಪಕ್ಕಕ್ಕಿಟ್ಟೆ. ನಾಳೆ ಗುಂಪು ಪಾಲಿಸಿಯ ಪ್ರೀಮಿಯಂ ಕೈಗೆಟುಕದಷ್ಟು ಏರಿದರೂ ಡಿಡಕ್ಟಿಬಲ್ ನನ್ನ ಕೈಯಲ್ಲೇ ಇರುತ್ತದೆ. ಸೂಪರ್‌ನವರಿಗೆ 4 ಲಕ್ಷ ಯಾರು ಕೊಟ್ಟರು ಎಂಬುದು ಮುಖ್ಯ ಅಲ್ಲ. ಬೇಸ್ ಕೊಟ್ಟರೂ ಸರಿ, ನಾವು ಕೊಟ್ಟರೂ ಸರಿ.

2025ರ ಜನವರಿಯಲ್ಲಿ ಮಂಡಿ. ಬಿಲ್ 5.6 ಲಕ್ಷ. ರೂಮ್ ಬಾಡಿಗೆ ಬೇಸ್‌ನ ಮಿತಿಯೊಳಗೇ ಇರಲಿ ಎಂದು ಇಬ್ಬರಿರುವ ಕೋಣೆ ತಗೊಂಡೆವು. ಮಿತಿ ಮೀರಿದ ರೂಮಿಗೆ ಹೋದರೆ ರೂಮ್ ಬಾಡಿಗೆ ಮಾತ್ರ ಅಲ್ಲ, ಡಾಕ್ಟರ್ ಫೀಸ್, ಆಪರೇಷನ್ ಥಿಯೇಟರ್ ಚಾರ್ಜ್ ಎಲ್ಲದರಲ್ಲೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಾರೆ. ಸೇರುವ ಮೂರು ದಿನ ಮೊದಲೇ ಎರಡೂ ಕಂಪನಿಗೆ ಮೇಲ್ ಹಾಕಿದ್ದೆ. ಬೇಸ್ ಕ್ಯಾಶ್‌ಲೆಸ್‌ನಲ್ಲಿ, ಅಂದರೆ ನೇರವಾಗಿ ಆಸ್ಪತ್ರೆಗೇ, 4 ಲಕ್ಷ ಕೊಟ್ಟಿತು. ಉಳಿದ 1.6 ಕಟ್ಟಿ ಮನೆಗೆ ಬಂದೆವು.

ಆಮೇಲಿನದ್ದೇ ನಿಜವಾದ ಕೆಲಸ. ಮೂಲ ಬಿಲ್ಲುಗಳು ಬೇಸ್ ಕಂಪನಿಗೆ ಹೋಗಿಬಿಡುತ್ತವೆ. ಅದಕ್ಕೇ ಡಿಸ್ಚಾರ್ಜ್ ದಿನವೇ ಪ್ರತಿ ಪುಟದ ನಕಲಿಗೂ ಆಸ್ಪತ್ರೆಯ ಸೀಲು, ಸಹಿ ಹಾಕಿಸಿಕೊಂಡೆ. ಬಿಲ್ಲಿಂಗ್ ಕೌಂಟರಿನ ಹುಡುಗಿ ಬೇಸರಿಸಿಕೊಂಡಳು, ನಾನು ಕದಲಲಿಲ್ಲ. ಮಂಡಿಗೆ ಹಾಕಿದ ಇಂಪ್ಲಾಂಟಿನ ಸ್ಟಿಕ್ಕರ್ ಮತ್ತು ಅದರ ಇನ್‌ವಾಯ್ಸ್ ಮರೆಯಬೇಡಿ. ಮಂಡಿ ಇಂಪ್ಲಾಂಟಿಗೂ ಸ್ಟೆಂಟಿಗೂ 2017ರಿಂದ ಸರ್ಕಾರದ ಬೆಲೆ ಮಿತಿ ಇದೆ, ಆ ಸ್ಟಿಕ್ಕರ್ ಇದ್ದರೆ ನಾವೂ ತಾಳೆ ನೋಡಬಹುದು. ಬೇಸ್‌ನವರು ಎಷ್ಟು ಕೊಟ್ಟರು ಎಂಬ ಸೆಟ್ಲ್‌ಮೆಂಟ್ ಪತ್ರ ಬಂದ ಮೇಲೆ ಎಲ್ಲವನ್ನೂ ಸೂಪರ್‌ಗೆ ಕಳಿಸಿದೆ. ಜೊತೆಗೆ ಒಂದು ಪುಟದ ಪತ್ರ ಮತ್ತು ಲೆಕ್ಕದ ಪಟ್ಟಿ. ಆ ಪತ್ರವನ್ನು ಹೇಗೆ ಬರೆದೆ, ಯಾವ ಸಾಲು ಮೊದಲು ಹಾಕಿದೆ ಎಂಬುದನ್ನು ಇಲ್ಲಿ ಹೇಳಲ್ಲ. ಮೂರು ಸಲ ಬರೆದು ಹರಿದು ಕಂಡುಕೊಂಡ ಸಂಗತಿ ಅದು. ಎರಡು ಪ್ರಶ್ನೆ ಕೇಳಿದರು, ಉತ್ತರಿಸಿದೆ. ಸುಮಾರು 40 ದಿನಕ್ಕೆ ಹಣ ಖಾತೆಗೆ ಬಂತು. ಆ ಎಸ್‌ಎಂಎಸ್ ಅನ್ನು ಹೆಂಡತಿಗೆ ಓದಿ ಹೇಳಿದಾಗ ನನಗೆ ಗಂಟಲು ಕಟ್ಟಿತು.

ಆಗಸ್ಟ್‌ನಲ್ಲಿ ನನ್ನ ಎದೆನೋವು. ಸ್ಟೆಂಟ್, 3.2 ಲಕ್ಷ. ಬೇಸ್ ಖಾಲಿ, ಪೂರ್ತಿ ಸೂಪರ್ ಮೇಲೆ. ಬಿಪಿ-ಸಕ್ಕರೆಯ ಮೂರು ವರ್ಷ ಮುಗಿದು ಒಂಬತ್ತು ತಿಂಗಳಾಗಿತ್ತು ಅಷ್ಟೆ. ಕ್ಯಾಶ್‌ಲೆಸ್ ಕೇಳಿದರೆ ಟಿಪಿಎ (ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡುವ ಸಂಸ್ಥೆ) ಮೊದಲು ಆಗಲ್ಲ ಎಂದಿತು, ಬೇಸ್ ಮುಗಿದಿದೆ ಎನ್ನುವುದಕ್ಕೆ ಪುರಾವೆ ಬೇಕಂತೆ. ಜನವರಿಯ ಸೆಟ್ಲ್‌ಮೆಂಟ್ ಪತ್ರ ಮಗಳ ಫೋನಿನಲ್ಲಿ ಸ್ಕ್ಯಾನ್ ಆಗಿ ಇತ್ತು. ಅಲ್ಲೇ ನಿಂತು ಕಳಿಸಿದಳು. ಕ್ಯಾಶ್‌ಲೆಸ್ ಬಗ್ಗೆ ಒಂದು ಗಂಟೆಯೊಳಗೆ ತೀರ್ಮಾನ ಹೇಳಬೇಕು ಎಂದು ವಿಮೆಯ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2024ರ ಮೇ ತಿಂಗಳಲ್ಲೇ ಹೇಳಿದೆ. ಅದನ್ನೂ ಆ ಮೇಲ್‌ನಲ್ಲಿ ಒಂದು ಸಾಲು ಬರೆಸಿದೆ. ಗಂಟೆ ತುಂಬುವ ಮೊದಲೇ ಒಪ್ಪಿಗೆ ಬಂತು.

ನಾಲ್ಕು ವರ್ಷಕ್ಕೆ ಈ ಸೂಪರ್‌ಗೆ ಕಟ್ಟಿದ್ದು 63 ಸಾವಿರದಷ್ಟು. ಬಂದಿದ್ದು 4.4 ಲಕ್ಷಕ್ಕೂ ಸ್ವಲ್ಪ ಜಾಸ್ತಿ. ಯಾವ ಕಂಪನಿ ಎಂದು ಕೇಳಬೇಡಿ. ನನ್ನ ರಿಪೋರ್ಟಿಗೆ ಹೊಂದಿದ್ದು ನಿಮ್ಮ ರಿಪೋರ್ಟಿಗೆ ಹೊಂದಬೇಕೆಂದಿಲ್ಲ.

2025ರ ನವೆಂಬರ್‌ನಲ್ಲಿ ನವೀಕರಿಸುವಾಗ ಇನ್ನೊಂದು ಲಾಭವಾಯಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗೆ ಜಿಎಸ್‌ಟಿ ಇಲ್ಲ. 19 ಸಾವಿರ ದಾಟಬೇಕಿದ್ದ ಸೂಪರ್ 16.5ಕ್ಕೆ ನಿಂತಿತು. ಗುಂಪು ಪಾಲಿಸಿಗೆ ಮಾತ್ರ ಆ ರಿಯಾಯಿತಿ ಸಿಗಲಿಲ್ಲ, ಶೇಕಡಾ 18 ಹಾಗೇ ಇದೆ. ಉಳಿದ ಎರಡೂವರೆ ಸಾವಿರವನ್ನು ಆ ಎಫ್‌ಡಿ ಪಕ್ಕದ ಆರ್‌ಡಿಗೆ ಹಾಕಿದ್ದೇನೆ. ಸಭೆಯಲ್ಲಿ ಮಾತಾಡಿದ ಆ ಹಿರಿಯರು ಹೋದ ವಾರ ತಮ್ಮ ಎರಡೂ ಪಾಲಿಸಿ ಹಿಡಿದುಕೊಂಡು ಮನೆಗೆ ಬಂದಿದ್ದರು. ಅವರದು ಒಂದು ಜುಲೈ, ಒಂದು ನವೆಂಬರ್. ಈಗ ಅದನ್ನು ಸರಿಮಾಡುವ ಕೆಲಸಕ್ಕೆ ಕೂತಿದ್ದೇವೆ.