ಹಾಲು ಬಿಟ್ರ ಬಿಡ್ರಿ, ಕಾಳು ಬಿಡಬ್ಯಾಡ್ರಿ

ನಮ್ಮ ಮೊಮ್ಮಗಳು ಬೆಂಗಳೂರಾಗ ಕೆಲಸಾ ಮಾಡ್ತಾಳ, ಎರಡು ವರ್ಷದ ಹಿಂದ ಹಾಲು ಮೊಸರು ತುಪ್ಪಾ ಎಲ್ಲಾ ಬಿಟ್ಟು ವೀಗನ್ ಆದ್ಲು. ದೀಪಾವಳಿಗೆ ಧಾರವಾಡಕ್ಕ ಬಂದಾಗ ನೋಡ್ತೀನಿ, ಮುಖಾ ಬಿಳಚಿಕೊಂಡೈತಿ, ಆಯಿ ಅಂಗಾಲು ಜುಮ್ ಜುಮ್ ಅಂತಾವ ಅಂತಾಳ. ಏನ್ ತಿಂತಿಯವ್ವಾ ಅಂದ್ರ ಬ್ರೆಡ್ಡು, ನೂಡಲ್ಸು, ಅನ್ನಾ ಸಾರು. ಹಾಲು ಬಿಟ್ಟಿದ್ದಕ್ಕ ನಾ ಏನೂ ಅನ್ನಲಿಲ್ರಿ, ಅದು ಆಕಿ ಮನಸ್ಸು, ಆದ್ರ ಬಿಟ್ಟ ಜಾಗಾಕ್ಕ ಏನರ ತುಂಬಬೇಕಲ್ಲಾ.

ರಕ್ತಾ ಚೆಕ್ ಮಾಡ್ಸಿದ್ವಿ, ಬಿ12 ಅನ್ನೋ ವಿಟಮಿನ್ ಭಾಳ ಕಡಿಮಿ. ಇದೊಂದು ಮಾತ್ರ ಕಾಳು, ಪಲ್ಯ, ಹಣ್ಣು ಯಾವದ್ರಾಗೂ ಸಿಗಂಗಿಲ್ರಿ, ಹಾಲು ಮೊಸರು ತತ್ತಿ ಮಾಂಸದಾಗ ಅಷ್ಟ. ಲಿವರಿನ್ಯಾಗ ಒಂದಿಷ್ಟು ಸ್ಟಾಕ್ ಇರ್ತೈತಿ, ಅದಕ್ಕ ಬಿಟ್ಟ ಕೂಡ್ಲೆ ಗೊತ್ತಾಗಂಗಿಲ್ಲ, ಆಮ್ಯಾಲ ಸುಸ್ತು, ಮರೆವು, ಕೈಕಾಲು ಜುಮ್ ಅನ್ನೋದು ಶುರು ಆಗ್ತಾವ. ಪೂರಾ ಹಾಲು ಬಿಟ್ಟವರು ಡಾಕ್ಟರ್ ಕೇಳಿ ಗುಳಿಗಿ ತಗೋರಿ, ಮನಿ ಔಷಧ ನಡೆಯಂಗಿಲ್ಲ. ಶುಗರಿಗೆ ಮೆಟ್‌ಫಾರ್ಮಿನ್ ತಗೊಳ್ಳೋರಿಗೂ ಬಿ12 ಇಳೀತೈತಿ, ಅವರೂ ಚೆಕ್ ಮಾಡಿಸ್ಕೋರಿ.

ಉಳಿದದ್ದೆಲ್ಲಾ ನಮ್ಮ ರೊಟ್ಟಿ ಊಟದಾಗ ಐತಿ. ಜ್ವಾಳದಾಗ ಲೈಸಿನ್ ಅನ್ನೋ ಪ್ರೋಟೀನಿನ ಅಂಶ ಕಡಿಮಿ, ಕಾಳಿನ್ಯಾಗ ಅದು ಭರಪೂರ, ಅದಕ್ಕ ರೊಟ್ಟಿ ಜೋಡಿ ಮಡಕಿಕಾಳ ಪಲ್ಯ ಇಲ್ಲಾ ಝುಣಕಾ ಇರಬೇಕು, ಬರೇ ಬದ್ನಿಕಾಯಿ ಪಲ್ಯ ಹಚ್ಕೊಂಡು ತಿಂದ್ರ ಹೊಟ್ಟಿ ತುಂಬತೈತಿ ಅಷ್ಟ. ಮಡಕಿ ರಾತ್ರಿ ನೆನಿ ಹಾಕಿ ಮುಂಜಾನೆ ನೀರು ಬಸದು ಒದ್ದಿ ಅರಬ್ಯಾಗ ಕಟ್ಟಿ ಡಬ್ಬ್ಯಾಗ ಇಡ್ರಿ, ಮರುದಿನಾ ಗಂಟು ಬಿಚ್ಚಿದ್ರ ಬಿಳಿ ಮೊಳಕಿ ಅರಬಿ ತೂರಿ ಹೊರಗ ಬಂದಿರ್ತಾವ. ಮೊಳಕಿ ಬಂದ ಕಾಳಿನ ಕಬ್ಬಿಣ ಮೈಗೆ ಚಲೋ ಹತ್ತತೈತಿ, ಮ್ಯಾಲ ಅರ್ಧ ಲಿಂಬಿಹಣ್ಣು ಹಿಂಡ್ರಿ, ಇನ್ನೂ ಚಲೋ.

ಆದ್ರ ಊಟಾ ಆದ ಕೂಡ್ಲೆ ಚಾ ಕುಡಿಯೋ ಚಟಾ ಬಿಡ್ರಿ! ಚಾದಾಗಿನ ಒಗರು ಕಬ್ಬಿಣಾ ಹಿಡ್ಕೊಂಡು ಮೈಗೆ ಹತ್ತಗೊಡಂಗಿಲ್ಲ, ಒಂದು ತಾಸು ಬಿಟ್ಟು ಕುಡೀರಿ. ನನಗ ಹಿಮೋಗ್ಲೋಬಿನ್ 9ಕ್ಕ ಇಳಿದಾಗ ಡಾಕ್ಟರ್ ಮೊದಲ ಕೇಳಿದ್ದು ಇದನ್ನ, ನಾ ದಿನಾ ರೊಟ್ಟಿ ತಿಂದು ತಾಟು ಎತ್ತೋದರಾಗ ಚಾ ಕುಡೀತಿದ್ದೆ.

ಅಗಸಿ ಅಂತೂ ಹಾಂಗ ನುಂಗಬ್ಯಾಡ್ರಿ, ಇಡೀ ಕಾಳು ಹೆಂಗ ಹೋಗ್ತೈತಿ ಹಂಗ ಹೊರಗ ಬರ್ತೈತಿ. ಅದರಾಗಿನ ಒಮೆಗಾ-3 ಅನ್ನೋ ಚಲೋ ಕೊಬ್ಬು ಸಿಗಬೇಕಂದ್ರ ಸಣ್ಣ ಉರಿ ಮ್ಯಾಲ ಚಟಪಟ ಅನ್ನೋತನಾ ಹುರಿದು, ಆರಿದ ಮ್ಯಾಲ ಬಳ್ಳೊಳ್ಳಿ, ಒಣ ಖಾರ, ಉಪ್ಪು ಹಾಕಿ ಕುಟ್ಟಿ ಹಿಂಡಿ ಮಾಡ್ರಿ. ಒಮ್ಮೆಲೆ ತಿಂಗಳಗಟ್ಲೆ ಕುಟ್ಟಿ ಇಡಬ್ಯಾಡ್ರಿ, ಕುಟ್ಟಿದ ಅಗಸಿ ಲಗೂನ ಕಮಟ ಆಗ್ತೈತಿ, ವಾರಕ್ಕಾಗೋಷ್ಟು ಸಾಕು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿನೂ ಬಾಜೂಕ ಇರ್ಲಿ, 100 ಗ್ರಾಂ ಶೇಂಗಾದಾಗ ಹತ್ರಹತ್ರ 25 ಗ್ರಾಂ ಪ್ರೋಟೀನ್ ಐತಿ. ಹಾಲು ಬಿಟ್ಟವರು ಕ್ಯಾಲ್ಸಿಯಮ್ಮಿಗೆ ವಾರದಾಗ ಎರಡು ಮೂರು ಸಲ ರಾಗಿ ಅಂಬಲಿ ಮಾಡ್ಕೋರಿ. ಹಕ್ಕರಕಿ, ಮೆಂತ್ಯೆ ಪಲ್ಯ ಸಂತ್ಯಾಗ ಕಂಡ್ರ ಬಿಡಬ್ಯಾಡ್ರಿ, ಚಲೋತಂಗ ತೊಳದು ಹಸೀದ ರೊಟ್ಟಿಗೆ ಹಚ್ಕೊಂಡು ತಿನ್ರಿ.

ಮೊಮ್ಮಗಳಿಗೆ ಈಗ ನಾ ತಿಂಗಳಿಗೊಮ್ಮೆ ಕಟಕ ರೊಟ್ಟಿ, ಮೂರು ನಮೂನಿ ಹಿಂಡಿ, ಒಂದು ಕಿಲೋ ಮಡಕಿ ಬಸ್ಸಿಗೆ ಹಾಕಿ ಕಳಸ್ತೀನಿ. ಗುಳಿಗಿ ತಗೊಂಡೇನು ಅಂತ ಮಾತ್ರ ದಿನಾ ರಾತ್ರಿ ಫೋನ್ ಮಾಡಿ ಕೇಳ್ತೀನಿ.