ಸೋಲಾರ್ ಬಿಸಿನೀರಿಗೆ ಯಾವ ಪೈಪ್ ಹಾಕಿಸಬೇಕು?

ಸೋಲಾರ್ ಹೀಟರ್ ಕೊಳ್ಳುವಾಗ ಎಷ್ಟು ಲೀಟರ್, ಎಷ್ಟು ವರ್ಷ ವಾರಂಟಿ ಎಂದು ನಾಲ್ಕು ಅಂಗಡಿ ಸುತ್ತುತ್ತೇವೆ. ಪೈಪ್ ವಿಷಯ ಮಾತ್ರ ಪ್ಲಂಬರ್‌ಗೆ ಬಿಟ್ಟುಬಿಡುತ್ತೇವೆ. ಹೀಟರ್ ಕೆಟ್ಟರೆ ಟೆರೇಸಿನಿಂದ ಇಳಿಸಬಹುದು. ಗೋಡೆಯೊಳಗಿನ ಪೈಪ್ ಸೋರಿದರೆ ಟೈಲ್ಸ್ ಒಡೆಯಬೇಕು, ಅಲ್ವಾ?

ಮೊದಲು ನೀರು ಎಷ್ಟು ಬಿಸಿಯಾಗುತ್ತದೆ ಎಂದು ಯೋಚಿಸಿ. ದಿನಾ ಬಳಸುವ ಮನೆಯಲ್ಲಿ ಸುಮಾರು 60 ಡಿಗ್ರಿ. ಆದರೆ ಏಪ್ರಿಲ್‌ನಲ್ಲಿ ಬೀಗ ಹಾಕಿ ಊರಿಗೆ ಹೋದಿರಿ ಅನ್ನಿ, ಗಾಜಿನ ಕೊಳವೆಯ ಹೀಟರಿನಲ್ಲಿ ನೀರು ಕುದಿಯುವ ಹಂತಕ್ಕೇ ಹೋಗಬಹುದು. ತಣ್ಣೀರಿನ ಪಿವಿಸಿ ಪೈಪ್ ಇಲ್ಲಿ ಬೇಡವೇ ಬೇಡ. ಮೆತ್ತಗಾಗಿ ಜೋತುಬೀಳುತ್ತದೆ. ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪ್ ಸಿಪಿವಿಸಿ 93 ಡಿಗ್ರಿವರೆಗೆ ನಡೆಯುತ್ತದೆ. ಆದರೆ ಬಿಸಿ ಏರಿದಷ್ಟೂ ಅದು ತಡೆಯುವ ಒತ್ತಡ ಇಳಿಯುತ್ತದೆ. ಹಾಗಾಗಿ ಹೀಟರಿನಿಂದ ಹೊರಡುವ ಮೊದಲ ಒಂದೆರಡು ಮೀಟರ್ ಲೋಹದ್ದಿರಲಿ, ಆಮೇಲೆ ಸಿಪಿವಿಸಿ. ನನ್ನ ಆಯ್ಕೆ ಇದೇ.

ಎಲ್ಲ ಕಡೆ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್, ಯಾಕೆ ಬೇಡ? ನಿಮ್ಮದು ಬೋರ್‌ವೆಲ್ ನೀರಾದರೆ ಉತ್ತರ ಸುಲಭ. ಗಡಸು ನೀರು ಬಿಸಿಯಾದಾಗ ಸುಣ್ಣ ಕಟ್ಟುತ್ತದೆ, ಜೊತೆಗೆ ತುಕ್ಕು. ವರ್ಷ ಕಳೆದಂತೆ ನಲ್ಲಿಯಲ್ಲಿ ನೀರು ಸಣ್ಣಗಾಗುತ್ತದೆ. ತಾಮ್ರ ಒಳ್ಳೆಯದೇ, ಬೆಲೆ ಮಾತ್ರ ಜಾಸ್ತಿ. ಪಿಪಿಆರ್ ಎಂಬ ಇನ್ನೊಂದು ಪ್ಲಾಸ್ಟಿಕ್ ಪೈಪ್ ಕೂಡ ನಡೆಯುತ್ತದೆ. ಆದರೆ ಅದನ್ನು ಕಾಯಿಸಿ ಬೆಸೆಯಲು ಮೆಷಿನ್ ಬೇಕು, ಪಳಗಿದ ಕೈ ಬೇಕು.

ಇನ್ನು ಅಳತೆ. ದಪ್ಪ ಪೈಪ್ ಹಾಕಿದರೆ ನೀರು ಜೋರಾಗಿ ಬರುತ್ತದೆ ಎಂದು ಸುಮ್ನೆ ಒಂದಿಂಚು ಹಾಕಿಸಬೇಡಿ. ಮುಕ್ಕಾಲು ಇಂಚಿನ 15 ಮೀಟರ್ ಸಿಪಿವಿಸಿಯಲ್ಲೇ ಸುಮಾರು 4 ಲೀಟರ್ ನೀರು ನಿಂತಿರುತ್ತದೆ. ಬೆಳಗ್ಗೆ ಅಷ್ಟೂ ತಣ್ಣಗೆ ಹರಿದುಹೋದ ಮೇಲೆಯೇ ಬಿಸಿನೀರು. ಬಚ್ಚಲುಮನೆಗೆ ಹತ್ತಿರದ ದಾರಿ ಹುಡುಕಿ. ಟೆರೇಸಿನ ಪೈಪಿಗೆ ಫೋಮ್ ಸುತ್ತಿಸಿ, ಅದರ ಮೇಲೆ ಬಿಸಿಲು ತಡೆಯುವ ಹೊದಿಕೆ ಇರಲಿ. ಇಲ್ಲದಿದ್ದರೆ ಫೋಮ್ ಪುಡಿಯಾಗಿ ಉದುರುತ್ತದೆ.

ಸಿಪಿವಿಸಿ ಬಿಸಿಗೆ ಹಿಗ್ಗುತ್ತದೆ. 50 ಡಿಗ್ರಿ ಏರಿದರೆ 10 ಮೀಟರ್ ಪೈಪ್ 3 ಸೆಂಟಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಕ್ಲಾಂಪ್ ಬಿಗಿಯಾಗಿ ಕಚ್ಚಿಸಬೇಡಿ, ಪೈಪ್ ನೇರವಾಗಿ ಉದ್ದಕ್ಕೆ ಹೋಗುವಲ್ಲಿ ಹಿಗ್ಗಲು ಜಾಗವಾಗುವಂತೆ ಒಂದು ಬಳಸು ಕೊಡಿಸಿ. ಅಂಟೂ ಸಿಪಿವಿಸಿಯದ್ದೇ ಆಗಬೇಕು. ಪಿವಿಸಿ ಅಂಟಿನ ಡಬ್ಬಿ ಹೊರಬಂದರೆ ಕೆಲಸ ನಿಲ್ಲಿಸಿ.

ಅಂಟು ಒಣಗಲು ಒಂದು ದಿನ ಬಿಡಿ. ಪ್ಲಾಸ್ಟರಿಂಗ್‌ಗೆ ಮುಂಚೆ ಪ್ರೆಶರ್ ಪಂಪ್ ತರಿಸಿ ಪೈಪಿಗೆ ಒತ್ತಡ ಕೊಡಿಸಿ, ಒಂದು ಗಂಟೆ ಒತ್ತಡದ ಮೀಟರಿನ ಮುಳ್ಳು ಇಳಿಯದೆ ನಿಲ್ಲುತ್ತದೆಯೇ ನೋಡಿ. ಆಮೇಲೆ ಗೋಡೆಗೆ ಟೇಪ್ ಹಿಡಿದು, ಅಳತೆ ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಟವೆಲ್ ಸ್ಟ್ಯಾಂಡಿಗೆ ಡ್ರಿಲ್ ಹಾಕುವವರಿಗೆ ಅದು ಬೇಕಾಗುತ್ತದೆ.